ಈ ಲ್ಯಾಪ್‌ಟಾಪು ಸಾಕು ಅಂದ ಗಂಗಕ್ಕ

ಷಟರ್ ದಡಾರನೆ ಕೆಳಗೆ ಬಿದ್ದಾಗ ಗಂಗಕ್ಕನ ಎಡಗೈಯ ಎರಡು ಬೆರಳು ಅದರ ಅಡಿಯಲ್ಲಿದ್ದವು. ಎಳೆದವನು ಸಂಡೂರಿನ ಅಂಜಿನಯ್ಯ. ಅಂಗಡಿ ಇವತ್ತಿಗೆ ಬಂದ್ ಅಂತ ಅವನು ಷಟರ್‌ಗೆ ಕೈ ಹಾಕಿದ, ಇವಳು ತಡೆಯೋಕೆ ಹೋದಳು, ಅಷ್ಟೇ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ಬೆಳಿಗ್ಗೆ ಹನ್ನೊಂದರ ಹೊತ್ತು, ಏಪ್ರಿಲ್ ತಿಂಗಳ ಬಿಸಿಲು. ಚಹಾ ಕುಡಿಯುತ್ತಿದ್ದವರು, ಜೆರಾಕ್ಸಿಗೆ ನಿಂತವರು, ಎಲ್ಲರೂ ನೋಡಿದರು. ಒಬ್ಬರೂ ಮುಂದೆ ಬರಲಿಲ್ಲ. ಶೋಕೇಸಿನ ಗಾಜು ಆಗಲೇ ಪುಡಿಯಾಗಿ, ಸಕ್ಕರೆ ಚೆಲ್ಲಿದ ಹಾಗೆ ನೆಲದ ತುಂಬ ಬಿದ್ದಿತ್ತು.

ಜಗಳ ಒಂದು ಲ್ಯಾಪ್‌ಟಾಪಿನದು. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡು ಇರಲಿಲ್ಲ. ಲೆಕ್ಕ ಮಾಡುವ ಚಿಪ್ಪೇ ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನೂ ಮಾಡುತ್ತಿತ್ತು. ದಿನದ ಕೆಲಸಕ್ಕೆ ಅಷ್ಟು ಸಾಕು ಅಂತ ಹೇಳಿ ಗಂಗಕ್ಕ ಮಾರಿದ್ದಳು. ಸಾಲದು, ನನಗೆ ಟೋಪಿ ಹಾಕಿದ್ದೀ ಅಂತ ಅಂಜಿನಯ್ಯ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಬಂದಿದ್ದ.

"ಗ್ರಾಫಿಕ್ಸ್ ಎಲ್ಲೈತಬೇ ಇದ್ರಾಗ, ತೋರಿಸು" ಅಂದಿದ್ದ ಅವನು.

"ಒಳಗ ಐತ್ರಿ ಸಾವ್ಕಾರ್ರ. ಬ್ಯಾರೆ ಇಲ್ಲ, ಚಿಪ್ಪಿನಾಗ ಕೂಡೇತಿ."

"ಕೂಡೇತಂತ. ಮಜ್ಜಿಗ್ಯಾಗ ನೀರು ಕೂಡಿದಂಗೇನು?" ಅಂದು ಅವನು ಮೊಣಕೈಯಿಂದ ಗಾಜಿಗೆ ಗುದ್ದಿದ. ಷಟರ್ ಬಿದ್ದದ್ದು ಅದಾದ ಮೇಲೆ.

ಗಂಗಕ್ಕ ಕಿರುಚಲಿಲ್ಲ. ಷಟರ್ ಎತ್ತಿದ ಮೇಲೆ ಬೆರಳು ಹೊರಗೆ ಎಳೆದುಕೊಂಡು, ಸೆರಗು ಹರಿದು ಬಿಗಿಯಾಗಿ ಸುತ್ತಿದಳು. ರಕ್ತ ನಿಲ್ಲಲಿಲ್ಲ, ಇನ್ನೊಂದು ಸುತ್ತು ಸುತ್ತಿದಳು. ಆಮೇಲೆ ಅಂಜಿನಯ್ಯನ ಮುಖ ನೋಡಿ, ನಿಮ್ಮ ಕಾಟಾಕ್ಕೆ ನನ್ನನ್ನ ಕರಕೊಂಡು ನಡೀರಿ, ಇದು ಅಲ್ಲೇ ನಡೀತೈತೋ ಇಲ್ಲೋ ನಿಮ್ಮ ಕಣ್ಣೆದುರೇ ನೋಡೋಣ ಅಂದಳು. ಕಾಟಾ ಅಂದರೆ ಅದಿರಿನ ಲಾರಿ ತೂಗುವ ಜಾಗ. ಅದು ಅಂಜಿನಯ್ಯನದು, ಸಂಡೂರಿನ ಗುಡ್ಡದ ಬುಡದಲ್ಲಿತ್ತು.

"ನಡೀತಂದ್ರ ಸರಿ. ನಡೀಲಿಲ್ಲಂದ್ರ ಸಂಜಿಗೆ ಈ ಅಂಗಡಿ ಇರೂದಿಲ್ಲ ನೋಡು" ಅಂದ ಅವನು. ಆಡಿದ್ದನ್ನು ಮಾಡುವ ಮನುಷ್ಯ ಅಂತ ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಗಾದಿಗನೂರಿನ ಹತ್ತಿರ ಪಂಕ್ಚರ್ ಅಂಗಡಿಯೊಂದನ್ನು ಹಾಡಹಗಲಲ್ಲೇ ಸುಟ್ಟಿದ್ದನಂತೆ.

ಗಂಗಕ್ಕ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಅವನ ಜೀಪು ಹತ್ತಿದಳು.

ಹೊಡೆತ ಅವಳಿಗೆ ಹೊಸದಲ್ಲ. ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬೆಂಕಿಯ ಮುಂದೆ ದಿನವಿಡೀ ನಿಂತವನು ಮನೆಗೆ ಬಂದರೆ ಆ ಬೆಂಕಿಯೂ ಜೊತೆಗೇ ಬಂದಂತೆ. ಚೀಲ ಹೊಲಿಯುವ ಸುತಲಿ ಹುರಿ ಮಾಡಿಟ್ಟುಕೊಂಡಿದ್ದ, ಅದರಲ್ಲಿ ಹೊಡೆಯುತ್ತಿದ್ದ. ಗಂಗಾಂಬಿಕಾ ಅಂತ ಚಂದದ ಹೆಸರಿಟ್ಟವನೂ ಅವನೇ, ಆ ಹೆಸರು ಪೂರ್ತಿ ಕರೆಯುತ್ತಿದ್ದದ್ದು ಹೊಡೆಯುವಾಗ ಮಾತ್ರ. ಹತ್ತೊಂಬತ್ತಕ್ಕೆ ಮಲಪನಗುಡಿಗೆ ಕೊಟ್ಟರು. ಗಂಡ ಮಲ್ಲೇಶ್ ಅದಿರಿನ ಟಿಪ್ಪರ್ ಓಡಿಸುವವನು. ಸ್ನಾನ ಮಾಡಿದರೆ ಬಚ್ಚಲ ನೀರು ಕುಂಕುಮ ಕಲಸಿದ ಹಾಗೆ ಹರಿಯುತ್ತಿತ್ತು. ಕುಡಿಯದ ದಿನ ಒಳ್ಳೆಯವನೇ. ಇಂಜಿನ್ನು, ಗೇರು, ಬ್ರೇಕು ಅಂತ ಬಿಡಿಸಿ ಬಿಡಿಸಿ ಹೇಳುತ್ತಿದ್ದ, ಅವಳು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಕುಡಿದ ದಿನ ಅದೇ ಕೈ ಅವಳ ಕಿವಿಯ ಮೇಲೆ. ಎಡಗಿವಿ ಇವತ್ತಿಗೂ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ.

ಹೊಸಪೇಟೆಯಲ್ಲಿ ಕಮಲಾಕರ ಅಂತ ಒಬ್ಬರು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಗಂಗಕ್ಕ ಅಲ್ಲಿ ಕೆಲಸಕ್ಕೆ ಸೇರಿದಳು. ಒಂದು ಮಧ್ಯಾಹ್ನ ಮಲ್ಲೇಶ್ ತೂರಾಡುತ್ತಾ ಬಂದು, ಹೆಂಡತಿಯ ಜುಟ್ಟು ಹಿಡಿಯಲು ಹೋಗಿ, ಅವಳು ತಪ್ಪಿಸಿಕೊಂಡದ್ದಕ್ಕೆ ಕಂಪ್ಯೂಟರಿನ ಡಬ್ಬಿಗೆ ಒದ್ದ. ಡಬ್ಬಿ ಬಾಯಿ ಬಿಟ್ಟು ಒಳಗಿನದೆಲ್ಲ ಹೊರಗೆ ಬಂತು. ಕಮಲಾಕರರು ಕೈಯೆತ್ತುವ ಮನುಷ್ಯರಲ್ಲ, ಬಾಯಿಯೂ ಮೆತ್ತಗೆ. ನಿಮ್ಮ ಯಜಮಾನರು ಬಿಚ್ಚಿದ್ದನ್ನ ನೀವೇ ಜೋಡಿಸಿ ಕೊಡಿ ಅಂದರು, ಅಷ್ಟೇ. ಹೇಳಿಕೊಡುವವರಿಲ್ಲ. ಪಕ್ಕದ ಕಂಪ್ಯೂಟರು ಬಿಚ್ಚಿ, ಅದನ್ನು ನೋಡಿ ಇದನ್ನು ಜೋಡಿಸುತ್ತಾ ಮೂರು ದಿನ ಕೂತಳು. ನಾಲ್ಕನೇ ದಿನ ದೀಪ ಹೊತ್ತಿತು. ಅವಳು ಈ ಕಸುಬು ಕಲಿತದ್ದು ಹೀಗೆ, ಗಂಡನ ಒದೆಯಿಂದ.

ಆ ಮಳೆಗಾಲದಲ್ಲೇ ಗುಡ್ಡದ ತಿರುವಿನಲ್ಲಿ ಟಿಪ್ಪರ್ ಮಗುಚಿ ಮಲ್ಲೇಶ್ ಸತ್ತ. ಗಂಗಕ್ಕ ಅತ್ತಳು, ಸುಳ್ಳಲ್ಲ. ಆಮೇಲೆ ನೆರೆಹೊರೆಯವರು ಏನೇ ಆಡಿಕೊಳ್ಳಲಿ, ಬಸ್‌ಸ್ಟ್ಯಾಂಡಿನ ಹಿಂದೆ ಹತ್ತಡಿಯ ಒಂದು ಮಳಿಗೆ ಹಿಡಿದು, ದೊಡ್ಡ ಊರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪು ತರಿಸಿ, ತೊಳೆದು ಬಳಿದು ಮಾರಲು ಕೂತಳು. ಅದಾಗಿ ಹನ್ನೆರಡು ವರ್ಷ.

ಅವಳು ಮಾರುವ ಪದ್ಧತಿಯೇ ಬೇರೆ. ಬಂದವರನ್ನು ಕುರ್ಚಿಯ ಮೇಲೆ ಕೂರಿಸಿ, ನಿಮ್ಮ ಒಂದು ದಿನದ ಕೆಲಸ ಇಲ್ಲೇ ಕುಂತು ಮಾಡ್ರಿ, ಆಮೇಲೆ ತಗೊಳ್ರಿ ಅನ್ನುತ್ತಿದ್ದಳು. ಮೇಷ್ಟ್ರು ಬಂದರೆ ಅಂಕಪಟ್ಟಿ ಮಾಡಬೇಕು, ಪಾಠದ ವಿಡಿಯೋ ಹಾಕಿ ನೋಡಬೇಕು. ವಕೀಲರ ಗುಮಾಸ್ತ ಬಂದರೆ ದಾವೆ ಟೈಪು ಮಾಡಬೇಕು. ಬುಕ್ಕಸಾಗರದ ಸೊಸೈಟಿಯವರು ಒಂದು ಗಂಟೆ ಕೂತು ಭತ್ತದ ಪಟ್ಟಿ ಬರೆದು ಹೋಗಿದ್ದರು. ಎಲ್ಲರೂ ಕೊನೆಗೆ ಕೇಳುವುದು ಒಂದೇ: ಇದರಲ್ಲಿ ಗ್ರಾಫಿಕ್ಸ್ ಕಾರ್ಡು ಐತೇನ್ರಿ. ಯಾರೋ ಅಳಿಯ, ಯಾರೋ ಪಕ್ಕದ ಮನೆಯವನು ಕಿವಿಯಲ್ಲಿ ಊದಿರುತ್ತಾನೆ. ನಿಮ್ಮ ಕೆಲಸ ನೀವೇ ಮಾಡಿ ನೋಡಿದ್ರಲ್ಲ, ಎಲ್ಲಾದ್ರೂ ನಿಂತಿತೇನು ಅಂತ ಗಂಗಕ್ಕ ಕೇಳುತ್ತಿದ್ದಳು. ನಿಂತಿರುತ್ತಿರಲಿಲ್ಲ. ಲೆಕ್ಕಕ್ಕೂ ಚಿತ್ರಕ್ಕೂ ಮೆಮೊರಿ ಒಂದೇ ಆದ್ದರಿಂದ, ಒಳಗೆ ಅದರ ಹಲಗೆ ಒಂದೇ ಇದ್ದರೆ ತೆಗೆದು ಎರಡು ಹಾಕಿ ಕೊಡುತ್ತಿದ್ದಳು, ಒಂದೇ ತೂಬಿನ ನೀರಿಗೆ ಎರಡು ಗದ್ದೆ ಜಗಳವಾಡಬಾರದು ಅಂತ.

ಎಲ್ಲರಿಗೂ ಸಾಕು ಅಂದವಳೂ ಅಲ್ಲ. ಹಂಪಿಯ ಕಲ್ಲು ಮಂಟಪಗಳ ಮುಂದೆ ಮದುವೆ ಜೋಡಿಗಳ ವಿಡಿಯೋ ತೆಗೆಯುವ ಅಚ್ಯುತ ಬಂದಾಗ, ಅವನ ಒಂದು ದಿನದ ಕೆಲಸ ಕೂರಿಸಿ ಮಾಡಿಸಿ ನೋಡಿದಳು. ಚಿತ್ರ ತಡವರಿಸಿ ತಡವರಿಸಿ ನಿಂತಿತು. ನಿನಗಿದು ಆಗೋದಿಲ್ಲಪ್ಪ, ನಿನಗೆ ಬೇರೆ ಕಾರ್ಡಿಂದೇ ಬೇಕು, ದೊಡ್ಡ ಅಂಗಡಿಗೆ ಹೋಗು ಅಂತ ಬಂದ ಗಿರಾಕಿಯನ್ನು ತಾನೇ ಕಳಿಸಿದ್ದಳು. ಅದಕ್ಕೇ ಅವಳು ಸಾಕು ಅಂದರೆ ಹೊಸಪೇಟೆಯಲ್ಲಿ ಜನ ನಂಬುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಆ ಒಂದು ಮಾತು.

ಈ ಲ್ಯಾಪ್‌ಟಾಪು ಕೊಳ್ಳುವಾಗ ಅಂಜಿನಯ್ಯ ತಾನು ಬಂದು ಕೂರಲಿಲ್ಲ. ಕಾಟಾದಲ್ಲಿ ತೂಕದ ಚೀಟಿ ಬರೆಯುವ ಎರ್ರೆಪ್ಪನನ್ನು ಕಳಿಸಿದ್ದ. ಎರ್ರೆಪ್ಪ ಅರವತ್ತು ದಾಟಿದವನು, ಮೂವತ್ತು ವರ್ಷ ಲಾರಿ ಮೆಕ್ಯಾನಿಕ್ಕು. ಬೆರಳಿನ ಗೆರೆಗಳಲ್ಲಿ ಗ್ರೀಸು ಹಾಗೇ ಉಳಿದುಬಿಟ್ಟಿತ್ತು. ಕಣ್ಣು ಮಂಜಾಗಿ ಲಾರಿ ಕೆಳಗೆ ಮಲಗುವುದು ಆಗದ ಮೇಲೆ ಅಂಜಿನಯ್ಯ ಅವನನ್ನು ಕಾಟಾದ ಕೋಣೆಗೆ ಹಾಕಿದ್ದ. ಎರ್ರೆಪ್ಪ ಕಂಪ್ಯೂಟರಿನ ಕೀಲಿಗಳನ್ನು ನಟ್ಟು ಬಿಗಿಯುವ ಹಾಗೆ ಒತ್ತುತ್ತಿದ್ದ. ನಾಲ್ಕು ಕ್ಯಾಮೆರಾದ ಚಿತ್ರ ಒಟ್ಟಿಗೆ ಓಡಬೇಕು, ತೂಕ ಬರಬೇಕು, ಪರ್ಮಿಟ್ಟಿನ ಹಾಳೆ ತೆರೆಯಬೇಕು, ಚೀಟಿ ಹೊರಬರಬೇಕು, ಇಷ್ಟು ಅವನ ಕೆಲಸ. ಕಾಟಾದಿಂದ ತಂದ ಹಳೆಯ ವಿಡಿಯೋ, ಹಳೆಯ ತೂಕದ ಲೆಕ್ಕ ಹಾಕಿಕೊಂಡು ಒಂದು ಗಂಟೆ ಕೂತು ಅಷ್ಟೂ ಮಾಡಿದ. ಎಲ್ಲೂ ನಿಲ್ಲಲಿಲ್ಲ.

ಆದರೂ ಅವನಿಗೊಂದು ಅನುಮಾನ. ಒಂದೇ ಚಿಪ್ಪು ಎರಡು ಕೆಲಸ ಹೆಂಗ ಮಾಡತೈತಿ ತಾಯಿ ಅಂದ.

ಗಂಗಕ್ಕನಿಗೆ ಮಲ್ಲೇಶ್ ಹೇಳುತ್ತಿದ್ದದ್ದು ನೆನಪಾಯಿತು. "ಟಿಪ್ಪರ್ ಬಾಡಿ ಎತ್ತಾಕ ಬ್ಯಾರೆ ಇಂಜಿನ್ ಐತೇನು ಮಾವ? ಗಾಡಿ ಓಡಸೋ ಇಂಜಿನ್ನಾ ಬಾಡಿನೂ ಎತ್ತತೈತಿ. ಇದೂ ಹಂಗ. ಇಂಜಿನ್ ಅಂತ ತಿಳಕೋ."

ಎರ್ರೆಪ್ಪನ ಮುಖ ಅರಳಿತು. ಇಂಜಿನ್ ಆದರೆ ತನಗೆ ಗೊತ್ತು ಅಂತ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಹೋದ.

ಒಂದು ತಿಂಗಳು ನೆಟ್ಟಗೆ ನಡೆಯಿತು. ಆಮೇಲೆ ಕ್ಯಾಮೆರಾದ ಚಿತ್ರ ತಡವರಿಸತೊಡಗಿತು. ಚೀಟಿ ಬರಲು ಹತ್ತು ನಿಮಿಷ, ಕಾಲು ಗಂಟೆ. ಕೊನೆಗೆ ತಾನೇ ಆರಿಹೋಗುವುದು, ಹಚ್ಚಿದರೆ ಮತ್ತೆ ಆರುವುದು. ಲಾರಿಗಳು ಗುಡ್ಡದ ತನಕ ಸಾಲುಗಟ್ಟಿದವು. ಬಿಸಿಲಲ್ಲಿ ಎರಡು ದಿನ ನಿಂತ ಡ್ರೈವರುಗಳು ಒಬ್ಬರ ಮೈಮೇಲೊಬ್ಬರು ಬಿದ್ದರು. ಮುಂದೆ ನುಗ್ಗಿದ ಒಬ್ಬ ಕ್ಲೀನರನ ತಲೆಗೆ ಕಲ್ಲು ಬಿತ್ತು, ಅದಿರಿನ ಮೇಲೆ ಬಿದ್ದ ರಕ್ತ ಯಾವುದು, ಮಣ್ಣು ಯಾವುದು ತಿಳಿಯಲಿಲ್ಲವಂತೆ. ಗಣಿಯ ಮ್ಯಾನೇಜರು ಅಷ್ಟು ಜನರ ಮುಂದೆ ಅಂಜಿನಯ್ಯನಿಗೆ, ಕಾಟಾ ನಡೆಸುವ ಯೋಗ್ಯತೆ ಇಲ್ಲದಿದ್ದರೆ ಕುರಿ ಕಾಯಲು ಹೋಗು ಅಂದ. ಅಂಜಿನಯ್ಯ ಲ್ಯಾಪ್‌ಟಾಪನ್ನು ದೊಡ್ಡ ಅಂಗಡಿಯೊಂದಕ್ಕೆ ಒಯ್ದ. ಅಲ್ಲಿ ಮಾರುವವನು ಮುಚ್ಚಳವನ್ನೂ ಬಿಚ್ಚದೆ, ಇದರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲವಲ್ಲ ಸರ್, ಯಾರು ಕೊಟ್ಟರು ಇದನ್ನ ಅಂತ ನಕ್ಕನಂತೆ. ಅಲ್ಲಿಂದ ನೇರ ಗಂಗಕ್ಕನ ಶೋಕೇಸಿಗೆ ಬಂದದ್ದು ಅಂಜಿನಯ್ಯನ ಮೊಣಕೈ.

ಜೀಪು ಕಾಟಾ ತಲುಪಿದಾಗ ಹೊತ್ತು ನೆತ್ತಿಯ ಮೇಲಿತ್ತು. ಗಿಡ, ಗೋಡೆ, ನಾಯಿ ಎಲ್ಲದಕ್ಕೂ ಒಂದೇ ಬಣ್ಣ, ಕೆಂಪು. ಲಾರಿಯವರು ಜೀಪಿನ ಸುತ್ತ ಕವಿದರು. ಇವಳೇ ಏನ್ರಿ ಮಾರಿದಾಕಿ ಅಂತ ಒಬ್ಬ ಉಗುಳಿದ. ತಗಡಿನ ಕೋಣೆಯಲ್ಲಿ ಎರ್ರೆಪ್ಪ ಗೋಡೆಗೆ ಆತು ನಿಂತಿದ್ದ. ಗಂಗಕ್ಕನ ಕೈಯ ಅರಿವೆ ನೋಡಿ ಏನಾಯಿತು ತಾಯಿ ಅಂದ. ಅವಳು ಸಾಮಾನಿನ ಚೀಲ ಮೇಜಿನ ಮೇಲಿಟ್ಟಳು.

ಆಳು ಜೀಪಿನಿಂದ ತಂದಿಟ್ಟ ಲ್ಯಾಪ್‌ಟಾಪನ್ನು ಬೋರಲು ಹಾಕಿದಳು. ಕೆಳಗಿನ ಗಾಳಿಕಿಂಡಿಯ ಮೇಲೆ, ಪಕ್ಕದ ಕಿಂಡಿಯ ಮೇಲೆ, ಅಳತೆಗೆ ಸರಿಯಾಗಿ ಕತ್ತರಿಸಿದ ಬನಿಯನ್ ಅರಿವೆ, ಅಂಚಿಗೆ ಟೇಪು. ಅರಿವೆ ಜಿಡ್ಡಾಗಿತ್ತು. ಮೂಗಿಗೆ ಹಿಡಿದಳು, ಇಂಜಿನ್ ಎಣ್ಣೆ. ತಿರುಪು ಬಿಚ್ಚಿ ಮುಚ್ಚಳ ತೆಗೆದರೆ ಒಳಗೆ ಫ್ಯಾನಿನ ರೆಕ್ಕೆಗಳ ನಡುವೆ ಎಣ್ಣೆಯೂ ಅದಿರಿನ ಧೂಳೂ ಕೂಡಿ ಕೆಂಪು ಹಿಟ್ಟಿನ ಉಂಡೆ ಆಗಿತ್ತು. ಗಾಳಿ ಹೋಗಲು ದಾರಿಯೇ ಇಲ್ಲ. ಉಸಿರು ಕಟ್ಟಿ, ಸುಟ್ಟುಹೋಗಬಾರದು ಅಂತ ಪಾಪ ಯಂತ್ರ ತಾನೇ ನಿಧಾನ ಮಾಡಿಕೊಂಡು, ತಾನೇ ಆರಿಕೊಂಡು, ಹೇಗೋ ಜೀವ ಹಿಡಿದಿತ್ತು.

ಗಂಗಕ್ಕನಿಗೆ ಬೆಳಗಿನಿಂದ ನುಂಗಿದ ಸಿಟ್ಟು, ಬೆರಳಿನ ನೋವು, ಉಗುಳಿದವನ ಮುಖ, ಎಲ್ಲ ಒಮ್ಮೆಗೇ ಬಾಯಿಗೆ ಬಂತು. ಅರಿವೆಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಗ್ರಾಫಿಕ್ಸ್ ಹುಡುಕಾಕತ್ತಿದ್ರಲ್ಲ. ತಗೊಳ್ರಿ. ಯಾರು ಹಚ್ಚಿದ್ದು ಇದನ್ನ?"

ಗೋಡೆಗೆ ಆತು ನಿಂತಿದ್ದವನು ಮುಂದೆ ಬಂದ.

"ನಾನಾ ತಾಯಿ" ಅಂದ ಎರ್ರೆಪ್ಪ. "ಧೂಳಿನಾಗ ಇಂಜಿನ್ ಗಾಳಿ ಎಳಕೊಳ್ಳೋ ಬಾಯಿಗೆ ಎಣ್ಣಿ ಅರಿವಿ ಕಟ್ಟತೀವಲ್ಲ, ಹಂಗ ಕಟ್ಟಿದ್ದೆ. ದಿನಾ ಬೆಳಿಗ್ಗೆ ಎಣ್ಣಿ ಹೊಸದು ಹಚ್ಚೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಅವನು ಅದನ್ನು ಹೇಳಿದ್ದು ತಪ್ಪು ಒಪ್ಪಿಕೊಳ್ಳುವವನ ಹಾಗಲ್ಲ, ಹಸುವಿಗೆ ಹುಲ್ಲು ಹಾಕಿದ್ದೇನೆ ಅನ್ನುವವನ ಹಾಗೆ. ಗಂಗಕ್ಕ ಅಂಜಿನಯ್ಯನ ಕಡೆ ನೋಡಿದಳು. ಅಂಜಿನಯ್ಯ ಎರ್ರೆಪ್ಪನ ಕಡೆ ನೋಡುತ್ತಿದ್ದ. ಬಾಗಿಲ ಚೌಕಟ್ಟಿಗೆ ಒರಗಿ, ಕೆಲಸ ಮುಗಿಸಬೇ ಅಂದ, ಬಹಳ ತಣ್ಣಗೆ. ಆ ತಣ್ಣನೆಯ ದನಿ ಅವಳಿಗೆ ಗೊತ್ತಿತ್ತು. ಅವಳ ಅಪ್ಪ ಹುರಿ ಬಿಚ್ಚುವ ಮುಂಚೆ ಹಾಗೇ ಮಾತಾಡುತ್ತಿದ್ದ. ಆದರೆ ಅವಳು ಕೇಳಿದ ಮಾತು ಹೊರಗೆ ಹೋಗಿ ಆಗಿತ್ತು.

ಒಂದೇ ಕೈಯಲ್ಲಿ ಕೆಲಸ. ಫ್ಯಾನು ಬಿಚ್ಚಿ ಸ್ಪಿರಿಟ್ಟಿನಲ್ಲಿ ಅದ್ದಿ ಬ್ರಶ್ಶಿನಿಂದ ಉಜ್ಜಿದಳು. ಚಿಪ್ಪಿನ ಬಿಸಿ ಎಳೆಯುವ ತಾಮ್ರದ ಪಟ್ಟಿಯ ಕೆಳಗಿನ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದಳು. ಸಣ್ಣ ತಿರುಪುಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಬೆರಳಿಗೆ ಕಟ್ಟಿದ ಅರಿವೆಯಿಂದ ರಕ್ತ ಒಂದೊಂದೇ ಹನಿ ಮೇಜಿನ ಮೇಲೆ ಬೀಳುತ್ತಿತ್ತು, ಲ್ಯಾಪ್‌ಟಾಪಿನ ಮೇಲೆ ಬೀಳದ ಹಾಗೆ ಕೈಯನ್ನು ದೂರ ಹಿಡಿದಿದ್ದಳು. ಒಂದು ಗಂಟೆ ಹಿಡಿಯಿತು. ಮುಚ್ಚಳ ಹಾಕಿ, ಅಡಿಗೆ ಎರಡು ಬೆಂಕಿಪೆಟ್ಟಿಗೆ ಇಟ್ಟು ಎತ್ತರಿಸಿ, ಗುಂಡಿ ಒತ್ತಿದಳು.

ನಾಲ್ಕು ಕ್ಯಾಮೆರಾ, ನಾಲ್ಕು ಚೌಕ. ಲಾರಿಯ ಮುಂದು, ಹಿಂದು, ಮೇಲು, ನಂಬರು. ಮೊದಲ ಲಾರಿ ಕಾಟಾ ಹತ್ತಿತು. ತೂಕ ಬಂತು, ಪರ್ಮಿಟ್ಟು ತೆರೆಯಿತು, ಚೀಟಿ ಕಿರ್ ಅಂತ ಹೊರಬಂತು. ಎರಡನೆಯದು. ಮೂರನೆಯದು. ಸಾಲು ಸರಿಯತೊಡಗಿತು. ಹೊರಗೆ ಯಾರೋ ಸಿಳ್ಳೆ ಹಾಕಿದರು. ಉಗುಳಿದ ಡ್ರೈವರು ಕಿಟಕಿಯಿಂದ ಚೀಟಿ ತೆಗೆದುಕೊಳ್ಳುವಾಗ ತಲೆ ತಗ್ಗಿಸಿದ. ಹನ್ನೊಂದು ಲಾರಿ ಹೋದವು, ಒಂದು ಚಿತ್ರವೂ ತಡವರಿಸಲಿಲ್ಲ.

"ಸಾಕಲ್ರಿ ಸಾವ್ಕಾರ್ರ?" ಅಂದಳು ಗಂಗಕ್ಕ.

"ಸಾಕು" ಅಂದ ಅಂಜಿನಯ್ಯ. ಆಮೇಲೆ ಮೂಲೆಯಲ್ಲಿ ಒರಗಿಸಿದ್ದ ಜಾಕಿ ರಾಡು ಕೈಗೆ ತಗೊಂಡ.

ಮೊದಲ ಏಟು ಎರ್ರೆಪ್ಪನ ಹೆಗಲಿಗೆ. ಒಣಕಟ್ಟಿಗೆ ಮುರಿದ ಸದ್ದಾಯಿತು. ಎರಡನೆಯದು ಮೊಣಕಾಲಿಗೆ, ಅವನು ಕುಸಿದು ಮೇಜಿನ ಕಾಲು ಹಿಡಿದುಕೊಂಡ. ಕುರಿ ಕಾಯಬೇಕೇನಲೇ ನಾನು, ಕುರಿ ಕಾಯಬೇಕೇನು ಅಂತ ಅಂಜಿನಯ್ಯ ಒಂದೇ ಮಾತನ್ನು ಅಗಿಯುತ್ತಿದ್ದ. ಎರ್ರೆಪ್ಪ ಕೂಗಲಿಲ್ಲ, ಯಜಮಾನ್ರ ಯಜಮಾನ್ರ ಅಂತ ಮಾತ್ರ ಅನ್ನುತ್ತಿದ್ದ. ಮೂರನೆಯ ಏಟಿಗೆ ರಾಡು ತಲೆಯ ಮೇಲೆ ಎದ್ದಾಗ ಗಂಗಕ್ಕನ ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದದ್ದೇ. ವೈರುಗಳ ಸಮೇತ ಕಿತ್ತುಕೊಂಡು ಆ ಮುದುಕನ ತಲೆಯ ಮೇಲೆ ಹಿಡಿದಳು. ರಾಡು ಲ್ಯಾಪ್‌ಟಾಪಿನ ನಡುವಿಗೆ ಬಿತ್ತು. ಪರದೆ ಚೂರಾಗಿ ಅವಳ ಮುಖಕ್ಕೆ ಸಿಡಿಯಿತು, ಹಣೆ ಕುಯ್ದಿತು. ಚಿಪ್ಪು, ಫ್ಯಾನು, ಆಗಷ್ಟೇ ಹಚ್ಚಿದ ಪೇಸ್ಟು, ಎಲ್ಲ ಸೇರಿ ಒಂದು ಮುದ್ದೆ. ಏಟಿನ ಭಾರಕ್ಕೆ ಅವಳೂ ಎರ್ರೆಪ್ಪನ ಮೇಲೆ ಬಿದ್ದಳು. ಆದರೆ ತಲೆ ಉಳಿಯಿತು.

ನಾಲ್ಕನೆಯ ಏಟು ಅವಳಿಗೇ ಬೀಳುತ್ತಿತ್ತೋ ಏನೋ. ಅಷ್ಟರಲ್ಲಿ ಡ್ರೈವರುಗಳು ಒಳಗೆ ನುಗ್ಗಿದರು. ಅಂಜಿನಯ್ಯನನ್ನು ಹಿಂದಿನಿಂದ ಹಿಡಿದರು, ಅವನು ಇಬ್ಬರ ಮೂಗು ಒಡೆದ, ಅವರು ಅವನನ್ನು ತಗಡಿಗೆ ಒತ್ತಿ ತುಳಿದರು. ಎರಡು ದಿನ ಬಿಸಿಲಲ್ಲಿ ನಿಂತ ಸಿಟ್ಟು ಅವರದು. ಎರ್ರೆಪ್ಪನಿಗಾಗಿ ಹೊಡೆದವರು ಅದರಲ್ಲಿ ಎಷ್ಟು ಜನ ಇದ್ದರೋ.

ಖಾಲಿ ಟಿಪ್ಪರೊಂದರ ಕ್ಯಾಬಿನ್ನಿಗೆ ಎರ್ರೆಪ್ಪನನ್ನು ಹತ್ತಿಸಿಕೊಂಡು ಗಂಗಕ್ಕ ಆಸ್ಪತ್ರೆಗೆ ಹೊರಟಳು. ಅವನ ತಲೆ ಇವಳ ತೊಡೆಯ ಮೇಲೆ. ಗುಂಡಿ ಬಂದಾಗಲೆಲ್ಲ ಮುರಿದ ಹೆಗಲು ಅಲುಗಿ ಅವನು ಹಲ್ಲು ಕಚ್ಚುತ್ತಿದ್ದ. ಗುಡ್ಡದ ಇಳಿಜಾರಿನಲ್ಲಿ ಅವನು ಕಣ್ಣು ತೆರೆದ.

"ನೀನಾ ಇಂಜಿನ್ ಅಂದಿದ್ದಿಲ್ಲೇನವ್ವ."

"ಅಂದಿದ್ದೆ ಮಾವ" ಅಂದಳು ಗಂಗಕ್ಕ.

ಗಂಗಕ್ಕನಿಗೆ ಹೊಡೆತ ತಿಂದ ದಿನಗಳು ಬಹಳ ನೆನಪಿವೆ. ಆದರೆ ಆ ದಾರಿಯಲ್ಲಿ ಆದ ಸಂಕಟ ಅವುಗಳಲ್ಲಿ ಯಾವ ದಿನವೂ ಆಗಿರಲಿಲ್ಲ. ಯಾರು ಹಚ್ಚಿದ್ದು ಇದನ್ನ ಅಂತ ತನ್ನ ಮಾತು ಗೆಲ್ಲಿಸಲು ಕೇಳಿದ್ದಳು. ಧೂಳು ಕೂತಿತ್ತು, ತೆಗೆದೆ ಅಂತ ಅಂದಿದ್ದರೆ ಆಗುತ್ತಿತ್ತು. ಯಂತ್ರ ಹೇಗೂ ನಡೆಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಅಂತ ಕೇಳಿದಾಗ ಎರ್ರೆಪ್ಪ, ಲಾರಿಯಿಂದ ಬಿದ್ದೆ ಅಂದ. ಗಂಗಕ್ಕ ಬಾಯಿ ತೆರೆಯುವ ಮೊದಲು ಅವಳ ಸೀರೆ ಹಿಡಿದು ಎಳೆದ. ನನ್ನ ಹೆಸರು ಎಲ್ಲೂ ಹಾಕಬ್ಯಾಡ ತಾಯಿ, ಈ ಕಣ್ಣಿಗೆ ಇನ್ಯಾರು ಕೆಲಸ ಕೊಡತಾರ, ನಾಳೆ ಮತ್ತ ಅಲ್ಲೇ ಹೋಗಬೇಕು ಅಂದ. ಅವಳ ಎರಡು ಬೆರಳಿಗೂ ಸರಳು ಹಾಕಿ ಕಟ್ಟಿದರು. ಒಂದು ಇನ್ನು ಮಡಚುವುದಿಲ್ಲ ಅಂತ ಅಲ್ಲೇ ಹೇಳಿದರು.

ಗಂಗಕ್ಕ ತನ್ನ ಬೆರಳು, ತನ್ನ ಗಾಜು, ಇಷ್ಟಕ್ಕೆ ಮಾತ್ರ ಪೊಲೀಸ್ ಠಾಣೆಗೆ ಹೋದಳು. ಅಪ್ಪನ ಮೇಲೆ ಹೋದವಳಲ್ಲ, ಗಂಡನ ಮೇಲೆ ಹೋದವಳಲ್ಲ, ನಲವತ್ತೆರಡನೇ ವಯಸ್ಸಿಗೆ ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ವಾರ ಕಳೆದ ಮೇಲೆ ಕರೆ ಬಂತು, ರಾಜಿ ಮಾಡಿಕೊಳ್ಳಲು. ಅಂಜಿನಯ್ಯ ಬೆಂಚಿನ ಮೇಲೆ ಕೂತಿದ್ದ, ಒಂದು ಕಣ್ಣು ಇನ್ನೂ ಊದಿತ್ತು. ಗಾಜು ಹಾಕಿಸಿಕೊಡಲು ತಯಾರು, ಆಸ್ಪತ್ರೆಯದೂ ನೋಡಿಕೊಳ್ಳುತ್ತೇನೆ ಅಂದ. ಅಂಗಡಿಯ ತಂಟೆಗೆ ಇನ್ನು ಬರುವುದಿಲ್ಲ ಅಂತಲೂ ಅಂದ. ಒಂದೇ ಒಂದು ಮಾತು ಅವಳು ಬರೆದುಕೊಡಬೇಕು: ತಾನು ಮಾರಿದ ಲ್ಯಾಪ್‌ಟಾಪು ಆ ಕೆಲಸಕ್ಕೆ ಸಾಕಾಗುತ್ತಿರಲಿಲ್ಲ ಅಂತ. ತಪ್ಪು ತನ್ನದಲ್ಲ ಅಂತ ಗಣಿಯ ಮ್ಯಾನೇಜರಿಗೆ ಆ ಕಾಗದ ತೋರಿಸಬೇಕಿತ್ತು ಅವನಿಗೆ.

ಬರೆದುಕೊಳ್ಳುವ ಹವಾಲ್ದಾರರು ವಯಸ್ಸಾದವರು, ಬೇಗ ಮುಗಿದರೆ ಊಟಕ್ಕೆ ಹೋಗಬೇಕಿತ್ತು. "ಅಲ್ಲಮ್ಮ, ನನಗೊಂದು ಸರಿಯಾಗಿ ಹೇಳು. ಇದ್ರಾಗ ಗ್ರಾಫಿಕ್ಸ್ ಇತ್ತೋ, ಇದ್ದಿಲ್ಲೋ?"

ಗಂಗಕ್ಕ ಬಿಡಿಸಿ ಹೇಳಿದಳು. ಬೇರೆ ಕಾರ್ಡು ಇರಲಿಲ್ಲ, ಅದು ಬೇಕಾಗಿರಲಿಲ್ಲ, ಚಿಪ್ಪಿನ ಒಳಗಿದ್ದದ್ದು ನಿಮ್ಮ ಮುಂದಿರುವ ಈ ಕಂಪ್ಯೂಟರಿನಲ್ಲಿ ಇರುವಂಥದ್ದೇ, ಇದರಲ್ಲಿ ನೀವು ದಿನಾ ಎಫ್‌ಐಆರ್ ಬರೆಯುತ್ತೀರಿ, ಕ್ಯಾಮೆರಾ ನೋಡುತ್ತೀರಿ, ಯಾವತ್ತಾದರೂ ಸಾಲದಾಯಿತೇ ಅಂದಳು. ಈ ಸಲ ಇಂಜಿನ್ ಅನ್ನಲಿಲ್ಲ. ಹವಾಲ್ದಾರರು ತಮ್ಮ ಕಂಪ್ಯೂಟರನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು.

ಹಂಗಾದರ ಯಾಕ ನಿಂತಿತು ಅಂತ ಅಂಜಿನಯ್ಯ ಬೆಂಚಿನಿಂದ ಕೇಳಿದ. ಎರ್ರೆಪ್ಪನ ಹೆಸರು ಅವಳ ಬಾಯಿಂದಲೇ ಬೀಳಲಿ, ಕಾಗದದ ಮೇಲೆ ಬೀಳಲಿ ಅಂತ ಅವನ ಆಸೆ. ಹೆಗಲಿಗೆ ಜೋಲಿ ಕಟ್ಟಿಕೊಂಡು ಎರ್ರೆಪ್ಪ ಎರಡು ದಿನದಿಂದ ಮತ್ತೆ ಅದೇ ಕೋಣೆಯಲ್ಲಿ ಚೀಟಿ ಹರಿಯುತ್ತಿದ್ದಾನೆ ಅಂತ ಗಂಗಕ್ಕನಿಗೆ ಗೊತ್ತಾಗಿತ್ತು.

ಕಾಗದ ತನ್ನ ಕಡೆ ಎಳೆದುಕೊಂಡು, ಕಟ್ಟಿದ ಎಡಗೈಯಿಂದ ಒತ್ತಿ ಹಿಡಿದು, ಬಲಗೈಯಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಅವಳೇ ಬರೆದಳು: ನಾನು ಮಾರಿದ ಲ್ಯಾಪ್‌ಟಾಪು ದಿನದ ಕೆಲಸಕ್ಕೆ ಸಾಕಾಗಿತ್ತು. ಅದರ ಗಾಳಿಕಿಂಡಿ ಮುಚ್ಚಿತ್ತು, ಅದಕ್ಕೆ ನಿಂತಿತು. ಕಿಂಡಿ ಮುಚ್ಚಬಾರದು ಅಂತ ಹೇಳದೆ ಕೊಟ್ಟದ್ದು ನನ್ನ ತಪ್ಪು. ತೆಗೆದ ಮೇಲೆ ಹನ್ನೊಂದು ಲಾರಿ ತೂಗಿತು. ಅದನ್ನು ಒಡೆದವರು ಅಂಜಿನಯ್ಯನವರು.

ಹವಾಲ್ದಾರರು ಓದಿ, ಇದಕ್ಕೆ ಅವನು ಒಪ್ಪೋದಿಲ್ಲಮ್ಮ, ಕೇಸು ವರ್ಷಗಟ್ಟಲೆ ಹೋಗತೈತಿ, ಅವನು ಸುಮ್ಮನಿರೋನೂ ಅಲ್ಲ ಅಂದರು. ಹೋಗಲಿ ಬಿಡ್ರಿ ಅಂದು ಗಂಗಕ್ಕ ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ಗಂಗಾಂಬಿಕಾ ಅಂತ ಬರೆದಳು.

ಹವಾಲ್ದಾರರು ಸಹಿಗೆ ಅಂತ ಕಾಗದವನ್ನು ಬೆಂಚಿನ ಕಡೆ ಚಾಚಿದರು. ಅಂಜಿನಯ್ಯ ಅದನ್ನು ಎರಡು ಸಲ ಓದಿದ, ಪೆನ್ನು ಮುಟ್ಟಲಿಲ್ಲ.